ನನ್ನ ಸಹಿ ಮತ್ತು ನಮ್ಮ ಎರಡು ಎಕರೆ ಹದಿನೈದು ಗುಂಟೆ

ಮೂರನೇ ಸೆಮಿಸ್ಟರ್‌ನ ಕೊನೆ ಪೇಪರ್ ಬರೆದು ಹಾಸ್ಟೆಲ್ ಕಡೆ ನಡ್ಕೊಂಡು ಬರ್ತಿದ್ದಾಗ ಅಪ್ಪನ ಫೋನ್ ಬಂತು. "ಪೇಪರ್ ಹೇಗಿತ್ತು" ಅಂತ ಕೇಳಿದರು. ನಾನು ಉತ್ತರ ಹೇಳಿ ಮುಗಿಸೋ ಮೊದಲೇ, "ರಜೆಗೆ ಸೀದಾ ಊರಿಗೆ ಬಾ. ಬರುವಾಗ ಆಧಾರ್, ಪ್ಯಾನ್ ಎರಡೂ ತಗೊಂಡು ಬಾ. ಒಂದು ಸಹಿ ಹಾಕೋದಿದೆ" ಅಂದರು.

ಯಾವ ಸಹಿ ಅಂತ ನನಗೆ ಗೊತ್ತಿತ್ತು. ಊರಿನ ಜಮೀನನ್ನು ಲೇಔಟ್ ಮಾಡೋರಿಗೆ ಕೊಡೋ ಮಾತು ದಸರಾದಿಂದ ನಡೀತಿತ್ತು. ಕೊಳ್ಳುವವರ ಕಡೆ ವಕೀಲರು ಮನೆಯಲ್ಲಿ ಹದಿನೆಂಟು ತುಂಬಿದ ಎಲ್ಲರ ಸಹಿಯೂ ಬೇಕು, ಹೆಣ್ಣುಮಕ್ಕಳದ್ದೂ ಬೇಕು ಅಂದಿದ್ದರಂತೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಇದೆ. ಹಾಸ್ಟೆಲ್‌ನಿಂದ ಒಂದು ರಾತ್ರಿ ಹೊರಗೆ ಹೋಗೋಕೆ ಇವತ್ತಿಗೂ ಅಪ್ಪನ ಸಹಿ ಬೇಕು. ಜಮೀನು ಮಾರೋಕೆ ಮಾತ್ರ ನನ್ನ ಸಹಿ ಬೇಕಂತೆ!

ಮುಂದೆ ಹೋಗೋ ಮೊದಲು ಒಂದು ಮಾತು. ನಾನು ಎಲ್‌ಕೆಜಿಯಿಂದ ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡ ಇದ್ದದ್ದು ಸೆಕೆಂಡ್ ಲಾಂಗ್ವೇಜ್ ಆಗಿ ಮಾತ್ರ. ಇಷ್ಟುದ್ದ ಕನ್ನಡದಲ್ಲಿ ಬರೀತಿರೋದು ಇದೇ ಮೊದಲು. ನಮ್ಮ ಕನ್ನಡ ಸಂಘದ ಸೀನಿಯರ್ ಒಬ್ಬರು, "ಕ್ಯಾಂಟೀನ್‌ನಲ್ಲಿ ನಮಗೆ ಹೇಳಿದೆಯಲ್ಲ, ಅದನ್ನೇ ಬರಿ, ಸಾಕು" ಅಂದಿದ್ದಕ್ಕೆ ಧೈರ್ಯ ಮಾಡಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಬೈಕೊಂಡು ಮುಂದೆ ಓದಿ.

ನಮ್ಮ ಊರು ಮಾಗಡಿ ತಾಲ್ಲೂಕಿನಲ್ಲಿದೆ. ನಮ್ಮ ಜಮೀನು ಎರಡು ಎಕರೆ ಹದಿನೈದು ಗುಂಟೆ. ಒಂದೂವರೆ ಎಕರೆಯಲ್ಲಿ ರಾಗಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಉಳಿದ ಜಾಗದಲ್ಲಿ ಸ್ವಲ್ಪ ಹಸುವಿನ ಮೇವು, ಬದುವಿನಲ್ಲಿ ತೆಂಗು, ಎರಡು ಮಾವಿನ ಮರ. ಕೊಟ್ಟಿಗೆಯಲ್ಲಿ ಎರಡು ಹಸು. ಅಪ್ಪ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ನಾನು ಹುಟ್ಟಿ ಬೆಳೆದದ್ದೂ ಅಲ್ಲೇ. ಊರಲ್ಲಿ ಹೊಲ ನೋಡಿಕೊಳ್ಳೋದು ಚಿಕ್ಕಪ್ಪ, ಚಿಕ್ಕಮ್ಮ ಮತ್ತು ಎಪ್ಪತ್ತು ದಾಟಿದ ನಮ್ಮಜ್ಜಿ.

ಈ ಜಮೀನು ಮೊದಲಿಂದಲೂ ನಮ್ಮದಲ್ಲ. ನನ್ನ ಮುತ್ತಾತ ಇದರಲ್ಲಿ ಗೇಣಿಗೆ ಉಳುತ್ತಿದ್ದರು. ಬೆಳೆದದ್ದರಲ್ಲಿ ಒಡೆಯರ ಪಾಲು ಅಳೆದುಕೊಟ್ಟು ಮಿಕ್ಕಿದ್ದನ್ನು ಮನೆಗೆ ತರೋದು. 1974ರಲ್ಲಿ ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯ್ತು. ಉಳುವವನೇ ಹೊಲದೊಡೆಯ ಅನ್ನೋ ಮಾತನ್ನು ನಾನು ಸೋಷಿಯಲ್ ಸೈನ್ಸ್ ಪುಸ್ತಕದಲ್ಲಿ ಎರಡು ಮಾರ್ಕ್ಸಿನ ಪ್ರಶ್ನೆಯಾಗಿ ಓದಿದ್ದೆ. ಆ ಎರಡು ಮಾರ್ಕ್ಸ್ ನಮ್ಮನೆ ಟ್ರಂಕಿನಲ್ಲಿದೆ ಅಂತ ಗೊತ್ತಿರಲಿಲ್ಲ. ಮುತ್ತಾತ ಏಳನೇ ನಂಬರ್ ಫಾರಂ ತುಂಬಿಸಿ ಅರ್ಜಿ ಹಾಕಿದ್ದರು. ಭೂ ನ್ಯಾಯ ಮಂಡಳಿಯ ಆದೇಶ ಬಂದ ದಿನ ಅಜ್ಜಿ ಮನೆಗೆ ಬಂದ ಹೊಸ ಸೊಸೆ. ಓದು ಬಾರದ ಮುತ್ತಾತ ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ದೇವರ ಮುಂದೆ ಇಟ್ಟರಂತೆ.

ನಾನು ಇಂಜಿನಿಯರಿಂಗ್ ಸ್ಟೂಡೆಂಟ್ ಅಲ್ವಾ, ಮನೆಯಲ್ಲಿ ಮಾರಾಟದ ಮಾತು ಶುರುವಾದಾಗ ನಾನು ಮಾಡಿದ ಮೊದಲ ಕೆಲಸ ಎಕ್ಸೆಲ್ ಶೀಟ್ ಓಪನ್ ಮಾಡಿದ್ದು. ಚಿಕ್ಕಪ್ಪನಿಗೆ ಫೋನ್ ಮಾಡಿ ಒಂದೊಂದೇ ಲೆಕ್ಕ ಕೇಳಿದೆ. ಉಳುಮೆ, ಬೀಜ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆ. ಈ ಸಲ ಹದಿನಾಲ್ಕು ಕ್ವಿಂಟಾಲ್ ಆಗಬಹುದು, ಒಂಬತ್ತು ಮಾರ್ತೀವಿ ಅಂದರು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,886 ರೂಪಾಯಿ. ಒಂಬತ್ತರಿಂದ ಗುಣಿಸಿದರೆ 43,974. ಮನೆಯವರ ದುಡಿಮೆಗೂ ಕೂಲಿ ಹಾಕಿ ಕೂಡಿಸಿದಾಗ ಖರ್ಚು ಅರವತ್ತು ಸಾವಿರ ದಾಟಿತು. ರಾಗಿಯ ಸೆಲ್ ಕೆಂಪಾಯ್ತು. ಹಾಲಿನ ಸೆಲ್ ಸುಮಾರಾಗಿತ್ತು, ಅದೂ ಹಿಂಡಿ, ಬೂಸಾ ಕಳೆದ ಮೇಲೆ ಅಷ್ಟೇನೂ ಉಳಿಯಲಿಲ್ಲ. ಇನ್ನೊಂದು ಕಾಲಂನಲ್ಲಿ ಜಮೀನು ಮಾರಿದ ದುಡ್ಡನ್ನು ಬ್ಯಾಂಕಿನಲ್ಲಿಟ್ಟರೆ ಬರೋ ಬಡ್ಡಿ ಹಾಕಿದೆ. ಹೊಲದಿಂದ ಬರೋದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಬಂತು. ಕೆಳಗೆ ಬೋಲ್ಡ್‌ನಲ್ಲಿ 'ಮಾರುವುದೇ ಲಾಭ' ಅಂತ ಟೈಪ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದೆ.

ಅಪ್ಪ ಹೆಬ್ಬೆರಳು ಒತ್ತಿದರು. ಅತ್ತೆ ಮಗ ಚಪ್ಪಾಳೆ ಹಾಕಿದ. ಚಿಕ್ಕಮ್ಮ ನೋಡಿದರು ಅಂತ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಹೀಗಾಗಿ ನಾನು ಊರಿಗೆ ಹೋದದ್ದು ಮಾರಾಟದ ಪರವಾಗಿ, ನನ್ನದೇ ಶೀಟ್ ಮೊಬೈಲ್‌ನಲ್ಲಿಟ್ಟುಕೊಂಡು. ಸಂಕ್ರಾಂತಿಗೆ ಇನ್ನೂ ವಾರ ಇತ್ತು. ರಿಜಿಸ್ಟ್ರೇಷನ್ ಮುಂಚೆ ಅಗ್ರಿಮೆಂಟ್ ಸಹಿ, ಅದು ಹಬ್ಬ ಮುಗಿದ ಮೇಲೆ ಅಂತ ಆಗಿತ್ತು. ಅಷ್ಟರೊಳಗೆ ಒಕ್ಕಣೆ ಮುಗಿಸಬೇಕು ಅಂತ ಚಿಕ್ಕಪ್ಪ ಮೆದೆ ಕಿತ್ತರು.

ಒಕ್ಕಣೆ ದಿನ ಬೆಳಗ್ಗೆ ಆರೂವರೆಗೆ ಕಣಕ್ಕೆ ಒಬ್ಬೊಬ್ಬರೇ ಬಂದರು. ಐದು ಮನೆಯಿಂದ ಹತ್ತು ಜನ. ರಾಗಿ ಕಂತೆ ಹರಡಿ, ಮೇಲೆ ಟ್ರಾಕ್ಟರ್ ಓಡಿಸಿ, ಹುಲ್ಲು ಕೊಡವಿ ಬೇರೆ ಮಾಡಿ, ಕಾಳು ಗುಡ್ಡೆ ಹಾಕಿ ತೂರೋದು. ನನಗೆ ಹುಲ್ಲು ಹೊರೋ ಕೆಲಸ ಕೊಟ್ಟರು. ಹತ್ತೇ ನಿಮಿಷದಲ್ಲಿ ಕುತ್ತಿಗೆಯೆಲ್ಲ ಸುಂಕು ಹತ್ತಿ ಕೆರೆತ ಶುರುವಾಯ್ತು. ಹನ್ನೊಂದು ಗಂಟೆಗೆ ಮುದ್ದೆ, ಹಿತಿಕಿದ ಬೇಳೆ ಸಾರು. ಆಗ ನಾನು ಚಿಕ್ಕಮ್ಮನ ಹತ್ತಿರ ಮೆಲ್ಲಗೆ, "ಚಿಕ್ಕಮ್ಮ, ಇವರಿಗೆಲ್ಲ ತಲೆಗೆ ಎಷ್ಟು ಕೊಡ್ತೀರಾ? ನಾನು ನಾನೂರೈವತ್ತು ಅಂತ ಹಾಕಿದ್ದೆ" ಅಂದೆ.

ಚಿಕ್ಕಮ್ಮ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಜೋರಾಗಿ ನಕ್ಕರು. "ಕೂಲಿ ಯಾರಿಗೆ ಕೊಟ್ಟೀವವ್ವ? ಇವರೆಲ್ಲ ಮುಯ್ಯಾಳು. ನಾಳಿದ್ದು ಆ ಮೂಲೆ ಮನೆಯವ್ರದ್ದು ಒಕ್ಕಣೆ, ನಾನು ನಿನ್ ಚಿಕ್ಕಪ್ಪ ಹೋಗ್ತೀವಿ. ನಿನ್ನೂ ಕರ್ಕೊಂಡು ಹೋಗ್ತೀನಿ ನಡಿ."

ಮುಯ್ಯಿ ಅಂದರೆ ಮದುವೆಯಲ್ಲಿ ಕವರ್‌ನಲ್ಲಿ ಹಾಕಿ ಕೊಡೋ ದುಡ್ಡು ಅಂತಷ್ಟೇ ನನಗೆ ಗೊತ್ತಿದ್ದದ್ದು. ಕೆಲಸದಲ್ಲೂ ಮುಯ್ಯಿ ಇದೆ. ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ಯಾರೂ ಬರೆದಿಟ್ಟುಕೊಳ್ಳಲ್ಲ, ಆದರೆ ಯಾರೂ ಮರೆಯೋದೂ ಇಲ್ಲ. ನನ್ನ ಶೀಟಿನಲ್ಲಿ ಒಕ್ಕಣೆಗೆ ಹನ್ನೆರಡು ಆಳು, ಎರಡು ದಿನ ಅಂತ 10,800 ರೂಪಾಯಿ ಖರ್ಚು ಬರೆದಿದ್ದೆ. ಆ ದುಡ್ಡು ಯಾರ ಜೇಬಿಂದಲೂ ಹೋಗಿಲ್ಲ, ಯಾರ ಜೇಬಿಗೂ ಬಂದಿಲ್ಲ.

ಆಮೇಲೆ ನನ್ನ ಶೀಟಿನ ತಪ್ಪುಗಳು ಒಂದೊಂದಾಗಿ ಹೊರಗೆ ಬಂದವು. ಮಾರೋದು ಒಂಬತ್ತು ಕ್ವಿಂಟಾಲ್ ಸರಿ. ಮನೆಗೆ ಇಟ್ಟುಕೊಳ್ಳೋ ಐದು ಕ್ವಿಂಟಾಲ್? ಅದನ್ನು ನಾನು ಆದಾಯದಲ್ಲಿ ಹಾಕಿರಲೇ ಇಲ್ಲ. ಬೆಂಗಳೂರಿನಲ್ಲಿ ನಮ್ಮನೆಗೆ ವರ್ಷಪೂರ್ತಿ ಬರೋ ರಾಗಿ ಹಿಟ್ಟು ಅದೇ. ಬೆಂಬಲ ಬೆಲೆಯಲ್ಲೇ ಲೆಕ್ಕ ಹಾಕಿದರೂ 24,430 ರೂಪಾಯಿ. ರಾಗಿ ಹುಲ್ಲಿಗೆ ಸೊನ್ನೆ ಹಾಕಿದ್ದೆ, ಅದು ಎರಡು ಹಸುಗಳ ವರ್ಷದ ಮೇವು. ಹಸುವಿನ ಗೊಬ್ಬರ ಮತ್ತೆ ರಾಗಿ ಹೊಲಕ್ಕೆ ಬೀಳುತ್ತೆ, ಅದಕ್ಕೂ ಸೊನ್ನೆ. ಅವರೆಕಾಯಿ ಮಾರಿ ಬಂದ ದುಡ್ಡು ಅಜ್ಜಿಯ ಸೆರಗಿನ ಗಂಟಿನಲ್ಲಿತ್ತು, ಅದನ್ನು ಚಿಕ್ಕಪ್ಪ ನನಗೆ ಹೇಳಿರಲಿಲ್ಲ, ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಎಲ್ಲ ತಿದ್ದಿ ಮತ್ತೆ ಕೂಡಿಸಿದೆ. ಶೀಟ್ ಹಸಿರಾಯ್ತು. ಆದರೆ ಸುಳ್ಳು ಹೇಳಲ್ಲ, ತುಂಬಾ ತಿಳಿ ಹಸಿರು. ಬ್ಯಾಂಕ್ ಬಡ್ಡಿಯ ಕಾಲಂ ಆಗಲೂ ಎಷ್ಟೋ ಮೇಲಿತ್ತು. ಅಜ್ಜಿ, "ದುಡ್ಡು ಏನು ಕರ ಹಾಕ್ತದಾ" ಅಂದಾಗ ನಾನು, "ಹಾಕುತ್ತೆ ಅಜ್ಜಿ, ಬಡ್ಡಿ ಅಂತಾರೆ ಅದಕ್ಕೆ" ಅಂದೆ. ಅಜ್ಜಿಗೂ ನಗು ತಡೆಯಲಿಲ್ಲ.

ಹಾಗಿದ್ದರೆ ನನ್ನ ಮನಸ್ಸು ಬದಲಾಗಿದ್ದು ಯಾಕೆ?

ಆ ದಿನ ಕಣಕ್ಕೆ ಹನ್ನೊಂದನೆಯವರೊಬ್ಬರು ಬಂದಿದ್ದರು. ನಮ್ಮ ಪಕ್ಕದ ಹೊಲದ ದೊಡ್ಡಪ್ಪ. ರಕ್ತಸಂಬಂಧ ಅಲ್ಲ, ಊರ ವಾವೆಯಲ್ಲಿ ದೊಡ್ಡಪ್ಪ. ಅವರು ಮೂರು ವರ್ಷದ ಹಿಂದೆ ಜಮೀನು ಕೊಟ್ಟುಬಿಟ್ಟಿದ್ದಾರೆ. ಸಿನಿಮಾದಲ್ಲಿ ತೋರಿಸೋ ಹಾಗೆ ಕುಡಿದು ಹಾಳಾಗಿಲ್ಲ. ದುಡ್ಡು ಬ್ಯಾಂಕಲ್ಲಿದೆ, ಮನೆ ಆರ್‌ಸಿಸಿ ಆಗಿದೆ, ಮಗಳ ಮದುವೆ ಚೆನ್ನಾಗಿ ಆಗಿದೆ. ಆದರೂ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಮೊರ ಹಿಡಿದು ನಿಂತಿದ್ದರು. ಚಿಕ್ಕಪ್ಪ ಸಂಕೋಚದಿಂದ, "ಅಣ್ಣ, ನಿಮಗೆ ಮುಯ್ಯಿ ತೀರಿಸೋಕೆ ನಿಮ್ಮ ಹೊಲ ಇಲ್ವಲ್ಲ" ಅಂದರು. ಅವರು, "ವಾಪಸ್ ಯಾರ್ ಕೇಳಿದ್ರಪ್ಪ? ಮನೇಲಿ ಕೂತು ಕೂತು ಬ್ಯಾಸರ" ಅಂದು ತೂರೋಕೆ ಶುರು ಮಾಡಿದರು. ಸಂಜೆ ಹೋಗುವಾಗ ಒಂದು ಮೂಟೆ ರಾಗಿ ದುಡ್ಡು ಕೊಟ್ಟು ಕೊಂಡರು. ಬೇಡ ಅಂದರೂ ಕೇಳಲಿಲ್ಲ.

ಆ ರಾತ್ರಿ ನಾನು ಚಿಕ್ಕಮ್ಮನನ್ನು ಕೇಳಿದೆ, ಮುಯ್ಯಿಯಲ್ಲಿ ಮೊದಲು ಎಷ್ಟು ಮನೆ ಇತ್ತು ಅಂತ. ಅವರು ಬೆರಳು ಮಡಚಿ ಎಣಿಸಿದರು. ನಮ್ಮದೂ ಸೇರಿ ಹದಿನಾಲ್ಕು. ಈಗ ಆರು. ಮಿಕ್ಕ ಎಂಟು ಮನೆಯ ಹೊಲ ಲೇಔಟ್ ಆಗಿದೆ. ಕಲ್ಲು ನೆಟ್ಟಿದ್ದಾರೆ, ಕಮಾನು ಕಟ್ಟಿದ್ದಾರೆ, ಒಳಗೆ ಪಾರ್ಥೇನಿಯಂ ಬೆಳೆದಿದೆ. ಸೈಟ್ ಕೊಂಡವರು ಯಾರೂ ಇನ್ನೂ ಮನೆ ಕಟ್ಟಿಲ್ಲ.

ಹದಿನಾಲ್ಕು ಮನೆ ಇದ್ದಾಗ ನಾಟಿ, ಕಳೆ, ಕೊಯ್ಲು ಯಾವುದಕ್ಕೂ ಹೊರಗಿನ ಆಳು ಬೇಕಿರಲಿಲ್ಲವಂತೆ. ಈಗ ಕಳೆಗೂ ಕೊಯ್ಲಿಗೂ ಕೂಲಿ ಕೊಡಬೇಕು. ಒಕ್ಕಣೆಗೆ ಮಾತ್ರ ಮುಯ್ಯಿ ಉಳಿದಿದೆ. ಮೊದಲು ಊರಲ್ಲೇ ಎರಡು ಬಾಡಿಗೆ ಟ್ರಾಕ್ಟರ್ ಇತ್ತು, ಉಳೋಕೆ ಹೊಲ ಕಡಿಮೆಯಾಗಿ ಒಬ್ಬರು ಮಾರಿದರು, ಈಗ ಹದ ಬಂದಾಗ ಪಕ್ಕದೂರಿನವರಿಗೆ ಕಾಯಬೇಕು. ಮಳೆ ಬಿದ್ದ ಮೇಲೆ ಎರಡು ದಿನ ತಡವಾದರೆ ಹದ ಹೋಯ್ತು. ಬಿತ್ತನೆ ಹಿಂದೆ ಬಿದ್ದರೆ ಇಳುವರಿ ಕಡಿಮೆ.

ಅಂದರೆ ನನ್ನ ಎಕ್ಸೆಲ್‌ನ ದೊಡ್ಡ ತಪ್ಪು ಐದು ಕ್ವಿಂಟಾಲ್ ರಾಗಿಯದ್ದಲ್ಲ. ನಾನು ನಮ್ಮ ಎರಡು ಎಕರೆ ಹದಿನೈದು ಗುಂಟೆಯನ್ನು ಒಂಟಿಯಾಗಿ ಲೆಕ್ಕ ಹಾಕಿದ್ದೆ. ಸಣ್ಣ ಹೊಲದ ಖರ್ಚು ಎಷ್ಟು ಅನ್ನೋದು ಪಕ್ಕದ ಎಷ್ಟು ಹೊಲ ಇನ್ನೂ ಹೊಲವಾಗಿ ಉಳಿದಿದೆ ಅನ್ನೋದರ ಮೇಲೆ ನಿಂತಿದೆ. ಸಿವಿಲ್ ಬ್ರಾಂಚ್‌ನವರಿಗೆ ಬೇಗ ಅರ್ಥ ಆಗುತ್ತೆ: ಟ್ರಸ್‌ನಲ್ಲಿ ಒಂದು ಮೆಂಬರ್ ತೆಗೆದರೆ ಅದರ ಲೋಡ್ ಮಾಯವಾಗಲ್ಲ, ಪಕ್ಕದವುಗಳ ಮೇಲೆ ಬೀಳುತ್ತೆ. ಪ್ರತಿ ಮನೆ ಮಾರಿದಾಗಲೂ ಉಳಿದವರ ಶೀಟ್ ಇನ್ನಷ್ಟು ಕೆಂಪಾಗುತ್ತೆ, ಆಮೇಲೆ ಅವರೂ ಮಾರ್ತಾರೆ. ನೋಡಿದವರು "ಸಣ್ಣ ರೈತರಿಗೆ ವ್ಯವಸಾಯ ಗಿಟ್ಟಲ್ಲ" ಅಂತಾರೆ. ಗಿಟ್ಟದ ಹಾಗೆ ಆಗಿದ್ದು ಹೇಗೆ ಅಂತ ಯಾರೂ ಕೇಳಲ್ಲ. ನಮ್ಮ ಸಹಿ ಬಿದ್ದರೆ ಉಳಿದ ಐದು ಮನೆಯವರಿಗೆ ಏನಾಗುತ್ತೆ ಅಂತ ನನ್ನ ಶೀಟಿನಲ್ಲಿ ಕಾಲಂ ಇರಲಿಲ್ಲ.

ಒಟ್ಟಾಗಿದ್ದರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆಯೂ ಊರಲ್ಲೇ ಇದೆ. ಬೆಳಗ್ಗೆ ಚಿಕ್ಕಮ್ಮನ ಜೊತೆ ಡೇರಿಗೆ ಹೋದೆ. ಒಬ್ಬರು ಮೂರು ಲೀಟರ್ ತಂದಿದ್ದರು, ಒಬ್ಬರು ಹನ್ನೆರಡು. ಎಲ್ಲರಿಗೂ ಫ್ಯಾಟ್, ಎಸ್‌ಎನ್‌ಎಫ್ ನೋಡಿ ಒಂದೇ ದರಪಟ್ಟಿ. ಹಳ್ಳಿಯ ಸಂಘ, ಅದರ ಮೇಲೆ ಹಾಲು ಒಕ್ಕೂಟ, ಅದರ ಮೇಲೆ ಕೆಎಂಎಫ್. ನಾವು ಹಾಸ್ಟೆಲ್‌ನಲ್ಲಿ ಕುಡಿಯೋ ನಂದಿನಿ ಪ್ಯಾಕೆಟ್ ಇಂಥ ಕ್ಯಾನುಗಳಿಂದಲೇ ಬರೋದು. ಮೂರು ಲೀಟರ್ ಹಾಲಿಟ್ಟುಕೊಂಡು ಒಬ್ಬ ಹೆಂಗಸು ಬೆಂಗಳೂರಿನ ಮಾರ್ಕೆಟ್ಟಿಗೆ ಹೋದರೆ ಯಾರೂ ತಿರುಗಿ ನೋಡಲ್ಲ. ಅದೇ ಮೂರು ಲೀಟರ್ ಸಂಘದ ಮೂಲಕ ಹೋದರೆ ಅದಕ್ಕೆ ಬೆಲೆ ಇದೆ, ಮೇಲೆ ಲೀಟರಿಗೆ ಇಷ್ಟು ಅಂತ ಸರ್ಕಾರದ ಪ್ರೋತ್ಸಾಹಧನ ಇದೆ. ಹಸು ಸಣ್ಣ ರೈತರದ್ದೇ, ಆದರೆ ಮಾರಾಟ ದೊಡ್ಡದು. ಸಣ್ಣದಾಗಿರೋದೇ ಸಮಸ್ಯೆ ಅನ್ನೋರು ಡೇರಿ ಮುಂದೆ ಹತ್ತು ನಿಮಿಷ ನಿಲ್ಲಬೇಕು. ಸಮಸ್ಯೆ ಇರೋದು ಒಂಟಿಯಾಗಿರೋದರಲ್ಲಿ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2015-16ರ ಕೃಷಿ ಗಣತಿ ಪ್ರಕಾರ ಭಾರತದ ನೂರು ಹಿಡುವಳಿಗಳಲ್ಲಿ ಸುಮಾರು 86 ಎರಡು ಹೆಕ್ಟೇರ್‌ಗಿಂತ, ಅಂದರೆ ಐದು ಎಕರೆಗಿಂತ ಚಿಕ್ಕವು. ಸರಾಸರಿ ಹಿಡುವಳಿ 1.08 ಹೆಕ್ಟೇರ್. ನಮ್ಮದು ಆ ಸರಾಸರಿಗಿಂತ ಸ್ವಲ್ಪ ಕಡಿಮೆ. ವಿಶ್ವಸಂಸ್ಥೆ 2019ರಿಂದ 2028ರವರೆಗಿನ ಹತ್ತು ವರ್ಷವನ್ನು ಕುಟುಂಬ ಕೃಷಿಯ ದಶಕ ಅಂತ ಘೋಷಿಸಿದೆ. ಆ ದಶಕದ ನಡುವೆಯೇ, 2020ರಲ್ಲಿ, ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆಯಿಂದ 79ಎ, 79ಬಿ ಕಲಂಗಳನ್ನು ತೆಗೆದರು. ಅಲ್ಲಿವರೆಗೆ ಕೃಷಿಕರಲ್ಲದವರು, ಹಾಗೆಯೇ ಬೇರೆ ಕಡೆಯಿಂದ ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ಆದಾಯ ಇರುವವರು ಕೃಷಿ ಭೂಮಿ ಕೊಳ್ಳುವ ಹಾಗಿರಲಿಲ್ಲ. ಈಗ ಆ ತಡೆ ಇಲ್ಲ. ಮಾರೋ ರೈತನಿಗೆ ಒಳ್ಳೆ ಬೆಲೆ ಸಿಗುತ್ತೆ ಅನ್ನೋ ವಾದವೂ ಇದೆ, ಅದು ಸುಳ್ಳೂ ಅಲ್ಲ. ಆದರೆ ಉಳೀಬೇಕು ಅನ್ನೋ ರೈತನಿಗೆ ಪಕ್ಕದ ಅರ್ಧ ಎಕರೆ ಕೊಳ್ಳೋದು ಕನಸಾಗಿದೆ. ರಾಗಿ ಬೆಳೆದು ಆ ಬೆಲೆ ತೀರಿಸೋಕೆ ಆಗಲ್ಲ. 1974ರಲ್ಲಿ ನಮ್ಮ ಮುತ್ತಾತನಿಗೆ ಬಾಗಿಲು ತೆಗೆದದ್ದೂ ಇದೇ ಕಾಯ್ದೆ ಅನ್ನೋದು ನೆನಪಾದಾಗ ಒಂಥರಾ ಆಗುತ್ತೆ.

ದೇವನಹಳ್ಳಿ ಹತ್ತಿರ ಚನ್ನರಾಯಪಟ್ಟಣ ಹೋಬಳಿಯ ವಿಷಯ ನೀವು ಓದಿರಬಹುದು. ಹದಿಮೂರು ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತಗೊಳ್ಳೋ ಯೋಜನೆ. ಅಲ್ಲಿನ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನ ಕೈಬಿಡ್ತೀವಿ ಅಂತ ಹೇಳಿತು. ಅಲ್ಲಿ ನೋಟಿಸ್ ಎಲ್ಲರಿಗೂ ಒಟ್ಟಿಗೆ ಬಂತು, ಎಲ್ಲರೂ ಒಟ್ಟಿಗೆ ಕೂತರು. ನಮ್ಮೂರಲ್ಲಿ ನೋಟಿಸ್ ಬರಲ್ಲ. ಒಂದೊಂದೇ ಮನೆಗೆ ಏಜೆಂಟ್ ಬರ್ತಾರೆ, ಕಾಫಿ ಕುಡೀತಾರೆ, ಮಗಳ ಓದು ಹೇಗಿದೆ ಅಂತ ವಿಚಾರಿಸ್ತಾರೆ. ಧರಣಿ ಕೂರೋಕೆ ಎದುರಿಗೆ ಯಾರೂ ಇರಲ್ಲ.

ಹಬ್ಬದ ಮಾರನೇ ದಿನ ಏಜೆಂಟ್ ಬಂದರು. ಹಾಲ್‌ನಲ್ಲಿ ಅಪ್ಪ, ಚಿಕ್ಕಪ್ಪ, ಅತ್ತೆ ಮಾವ ಎಲ್ಲ ಕೂತಿದ್ದರು. ಕಾಗದ ನನ್ನ ಮುಂದೆ ಬಂದಾಗ ಪೆನ್ನು ಹಿಡಿದೆ, ಆದರೆ ಕೈ ಮುಂದೆ ಹೋಗಲಿಲ್ಲ. "ಅಪ್ಪ, ಒಂದು ವರ್ಷ ಟೈಮ್ ಕೊಡಿ. ನನ್ನ ಲೆಕ್ಕ ತಪ್ಪಾಗಿತ್ತು" ಅಂದೆ. ಧ್ವನಿ ನಡುಗ್ತಿತ್ತು. ಜೀವನದಲ್ಲಿ ಅಪ್ಪನಿಗೆ ಎದುರಾಡಿದ್ದು ಅದೇ ಮೊದಲು, ಅದೂ ಹೊರಗಿನವರ ಮುಂದೆ.

ಅಪ್ಪ ಏನೂ ಅನ್ನಲಿಲ್ಲ. ಏಜೆಂಟ್ ಹೋದ ಮೇಲೆ, "ಮುಂದಿನ ಎರಡು ವರ್ಷದ ನಿನ್ನ ಫೀಸ್ ಎಲ್ಲಿಂದ ತರ್ಲಿ ಅಂತ ನಿನ್ನ ಶೀಟಿನಲ್ಲಿ ಇದ್ಯಾ" ಅಂತ ಮಾತ್ರ ಕೇಳಿದರು. ಇರಲಿಲ್ಲ. ಅಪ್ಪ ಮಾರೋಕೆ ಹೊರಟಿದ್ದು ದುರಾಸೆಗಲ್ಲ. ಮನೆ ಸಾಲ, ನನ್ನ ಫೀಸ್, ಮುಂದಿನ ವರ್ಷ ತಮ್ಮನ ಪಿಯುಸಿ. ಅದನ್ನು ನಾನು ಅದುವರೆಗೂ ಯೋಚನೆ ಮಾಡಿರಲಿಲ್ಲ ಅನ್ನೋದೇ ನಾಚಿಕೆ.

ಚಿಕ್ಕಪ್ಪ ನನ್ನ ಕಡೆ ನಿಲ್ಲಬಹುದು ಅಂದುಕೊಂಡಿದ್ದೆ. ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಸಹಿ ಹಾಕದೆ ಇರೋದು ಸುಲಭ ಕಣವ್ವ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆಯೋರು ಯಾರು? ನಿನ್ ಚಿಕ್ಕಮ್ಮನ ಮಂಡಿ ನೋವು ನೋಡಿದ್ದೀಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಹಾಸ್ಟೆಲ್‌ಗೆ ಬಂದಾಗ ರೂಮ್‌ಮೇಟ್ ಕೂಡ ಅದನ್ನೇ ಕೇಳಿದಳು, "ನೀನೇನು ಡಿಗ್ರಿ ಮುಗಿಸಿ ಹೋಗಿ ಹೊಲ ಉಳ್ತೀಯಾ?" ಇಲ್ಲ. ಪ್ಲೇಸ್‌ಮೆಂಟ್ ಸಿಕ್ಕರೆ ಕೆಲಸಕ್ಕೆ ಹೋಗ್ತೀನಿ. ಹಾಗಾಗಿ ರೈತರು ಹಳ್ಳಿಯಲ್ಲೇ ಕಷ್ಟಪಡಲಿ, ನಾವು ರೀಲ್ಸ್‌ನಲ್ಲಿ ಹಸಿರು ನೋಡಿ ಲೈಕ್ ಒತ್ತೋಣ ಅಂತ ಬರೆಯೋ ಹಕ್ಕು ನನಗಿಲ್ಲ. ಉಳೀಬೇಕು ಅನ್ನೋರಿಗೆ ಉಳಿಯೋ ಹಾಗೆ ಇರಬೇಕು ಅಂತಷ್ಟೇ ನಾನು ಹೇಳೋದು.

ಎರಡು ದಿನ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ನಾನೇ ಎಜುಕೇಶನ್ ಲೋನ್ ಅರ್ಜಿ ಪ್ರಿಂಟ್ ತಗೊಂಡು ಹೋಗಿ ಮುಂದಿಟ್ಟೆ. ಅಪ್ಪ ತುಂಬಾ ಹೊತ್ತು ನೋಡಿದರು. ಸಾಲ ನನ್ನ ತಲೆ ಮೇಲೆ ಬರಬಾರದು ಅಂತಲೇ ಅವರು ಜಮೀನು ಮಾರೋಕೆ ಹೊರಟಿದ್ದು. ಕೊನೆಗೆ ಅವರೂ ಸಹಿ ಹಾಕಿದರು. ಹೀಗೆ ಒಂದು ಸಹಿ ತಪ್ಪಿ ಇನ್ನೊಂದು ಸಹಿ ಬಿತ್ತು. ಮುಂದಿನ ಸಂಕ್ರಾಂತಿವರೆಗೆ ಟೈಮ್ ಇದೆ.

ಈ ಒಂದು ವರ್ಷದಲ್ಲಿ ಏನು ಮಾಡಬಹುದು? ಮತ್ತೆ ಲೆಕ್ಕಕ್ಕೆ ಬಂದೆ. ನಮ್ಮ ಹಾಸ್ಟೆಲ್ ಬ್ಲಾಕ್‌ನಲ್ಲಿ ಊಟ ಮಾಡೋರು ಸುಮಾರು ನೂರೈವತ್ತು ಜನ. ಒಂದು ಮುದ್ದೆಗೆ 120 ಗ್ರಾಂ ಹಿಟ್ಟು ಅಂದುಕೊಳ್ಳಿ. ವಾರಕ್ಕೆ ಎರಡು ದಿನ ಮುದ್ದೆ ಮಾಡಿದರೆ ತಿಂಗಳಿಗೆ 144 ಕೆ.ಜಿ. ಹತ್ತು ತಿಂಗಳಿಗೆ ಹದಿನಾಲ್ಕು ಕ್ವಿಂಟಾಲ್ ದಾಟುತ್ತೆ. ನಮ್ಮ ಮನೆಯ ಒಂದು ವರ್ಷದ ಪೂರ್ತಿ ರಾಗಿ ಅಷ್ಟೇ! ನಾವು ನೂರೈವತ್ತು ಜನ ವಾರಕ್ಕೆ ಎರಡು ಮುದ್ದೆ ತಿಂದರೆ ಒಂದು ಮನೆಯ ಬೆಳೆ ಖಾಲಿ. ಕ್ಯಾಂಪಸ್‌ನಲ್ಲಿರೋ ಎಲ್ಲ ಬ್ಲಾಕ್ ಸೇರಿದರೆ ಮುಯ್ಯಿಯ ಆರೂ ಮನೆಯದ್ದೂ ಖರ್ಚಾಗಬಹುದು.

ಈ ಲೆಕ್ಕ ಹಿಡ್ಕೊಂಡು ಮೆಸ್ ಕಮಿಟಿಗೆ ಹೋದೆ. ಮೆಸ್ ನಡೆಸೋರು ಕೇಳಿದ್ದೂ ನ್ಯಾಯವಾಗೇ ಇತ್ತು: ಪ್ರತಿ ತಿಂಗಳು ತಪ್ಪದೆ ಬರುತ್ತಾ? ಕಲ್ಲು, ಮಣ್ಣು ಇಲ್ಲದೆ ಬರುತ್ತಾ? ಬಿಲ್ ಯಾರ ಹೆಸರಲ್ಲಿ? ಒಂದು ಮನೆಯಿಂದ ಆಗೋ ಕೆಲಸ ಅಲ್ಲ. ಆರು ಮನೆ ಸೇರಿದರೆ ಆಗುತ್ತೆ. ಚಿಕ್ಕಮ್ಮ ಉಳಿದ ಐದು ಮನೆಯವರ ಹತ್ತಿರ ಮಾತಾಡಿದರು. ಒಬ್ಬರು ಆಗಲ್ಲ ಅಂದರು, ನಾಲ್ವರು ನೋಡೋಣ ಅಂದರು. ಒಂದು ತಿಂಗಳ ಟ್ರಯಲ್‌ಗೆ ಮೆಸ್‌ನವರೂ ಒಪ್ಪಿದ್ದಾರೆ. ಕೆ.ಜಿ.ಗೆ ಅಂಗಡಿಯಲ್ಲಿ ಕೊಡೋದಕ್ಕಿಂತ ಮೆಸ್‌ಗೆ ಕಡಿಮೆ, ಬೆಂಬಲ ಬೆಲೆಗಿಂತ ಮನೆಯವರಿಗೆ ಜಾಸ್ತಿ. ಇದು ನಿಲ್ಲುತ್ತೋ ಬಿದ್ದುಹೋಗುತ್ತೋ ನೋಡಬೇಕು. ಬಿದ್ದರೂ ಇಲ್ಲೇ ಬರೀತೀನಿ.

ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲೂ ಇಂಥ ಎರಡು ಎಕರೆ, ಮೂರು ಎಕರೆ ಇದೆ ಅಂತ ನನಗೆ ಗೊತ್ತು. ನೀವು ಅದನ್ನು ಕ್ಲಾಸಿನಲ್ಲಿ ಹೇಳಿಕೊಳ್ಳಲ್ಲ, ನಾನೂ ಹೇಳಿಕೊಂಡಿರಲಿಲ್ಲ. ಮೂರೇ ವಿಷಯ ಕೇಳ್ತೀನಿ. ಒಂದು, ಮಾರೋ ಮಾತು ಬಂದರೆ ಲೆಕ್ಕ ಹಾಕಿ, ಆದರೆ ತಿಂದ ರಾಗಿ, ಹಸು ತಿಂದ ಹುಲ್ಲು, ಪಕ್ಕದ ಮನೆಯವರು ಬಂದು ಮಾಡಿದ ಕೆಲಸ ಇದನ್ನೆಲ್ಲ ಸೇರಿಸಿ ಹಾಕಿ. ಎರಡು, ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಹುಡುಕುವಾಗ ನೂರು ಎಕರೆಗೆ ಆಗೋ ಡ್ರೋನ್ ಬಿಟ್ಟು, ಅಕ್ಕಡಿ ಸಾಲು ಮುರಿಯದೆ ಕಳೆ ತೆಗೆಯೋ ಸಣ್ಣ ಯಂತ್ರದ ಬಗ್ಗೆ ಯೋಚನೆ ಮಾಡಿ. ಮಂಡಿ ನೋವಿರೋ ಚಿಕ್ಕಮ್ಮ ನಿಂತುಕೊಂಡೇ ನಡೆಸೋ ಹಾಗಿರಬೇಕು. ಮೆಕ್ಯಾನಿಕಲ್‌ನವರು ಯಾರಾದರೂ ಮುಂದೆ ಬಂದರೆ ಟೆಸ್ಟ್ ಮಾಡೋಕೆ ಒಂದೂವರೆ ಎಕರೆ ಹೊಲ ನಾನು ಕೊಡ್ತೀನಿ.

ಮೂರು, ಮುಂದಿನ ತಿಂಗಳಿಂದ ಬುಧವಾರ ಮತ್ತು ಶನಿವಾರ ಮೆಸ್‌ನಲ್ಲಿ ಮುದ್ದೆ ಇರುತ್ತೆ. ಮುದ್ದೆ ಕಂಡ ತಕ್ಷಣ ಮ್ಯಾಗಿ ತರೋಕೆ ಓಡಬೇಡಿ. ಕೂತು ತಿನ್ನಿ. ಅಗಿಯಬೇಡಿ, ನುಂಗಿ. ಚೆನ್ನಾಗಿಲ್ಲ ಅಂದ್ರೆ ನನ್ನ ಹತ್ತಿರ ಬಂದು ಹೇಳಿ. ಚಿಕ್ಕಮ್ಮನ ನಂಬರ್ ನನ್ನ ಹತ್ತಿರ ಇದೆ.